ಕತೆ ಯಾರ ಜೊತೆ ನಡೀತದ?

ಮುಧೋಳ ಅಂದ್ರೆ ಆಫೀಸಿನಲ್ಲಿ ಎಲ್ಲರಿಗೂ ನಾಯಿ ನೆನಪಾಗುತ್ತೆ. ತಪ್ಪೇನಿಲ್ಲ, ನಾಯಿ ಚಲೋ ಅದ. ಆದರೆ ಅದೇ ಊರಿನ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನ, ಇವತ್ತು ಕತೆ ಬರೆಯೋರಿಗೂ ಬೇಕಾದ ಒಂದು ಕೆಲಸ ಮಾಡಿ ತೋರಿಸಿದ್ದಾನೆ.

‘ಗದಾಯುದ್ಧ’ದ ನಾಯಕ ಭೀಮ. ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನ ರನ್ನ ಭೀಮನಿಗೇ ಹೋಲಿಸಿದ್ದು. ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಅಂದ್ರೆ ಪಕ್ಷ ಮೊದಲೇ ಖಾತ್ರಿ. ಆದರೆ ಯುದ್ಧ ಮುಗೀತಾ ಬಂದಾಗ ರಣರಂಗದೊಳಗೆ ನಾವು ನಡೆಯೋದು ದುರ್ಯೋಧನನ ಹಿಂದೆ. ಸಂಜಯನ ಜೊತೆ ಹೆಣಗಳ ನಡುವೆ ಅವನು ಹೋಗ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಎಲ್ಲ ಸತ್ತು ಬಿದ್ದಿದ್ದಾರೆ. ವೈರಿಯ ಮಗ ಅಭಿಮನ್ಯುವಿನ ಎದುರು ನಿಂತು ಅವನ ಶೌರ್ಯವನ್ನೂ ಮೆಚ್ಚುತ್ತಾನೆ. ಅಷ್ಟು ದೂರ ಜೊತೆಗೆ ನಡೆದ ಮೇಲೆ, ತೊಡೆ ಮುರಿಯುವಾಗ ಚಪ್ಪಾಳೆ ತಟ್ಟೋಕೆ ಕೈ ಏಳಲ್ಲ. ಕತೆ ಯಾರ ಪರ ಅನ್ನೋದು ಬೇರೆ, ಯಾರ ಜೊತೆ ನಡೆಯುತ್ತೆ ಅನ್ನೋದು ಬೇರೆ.

ಸಣ್ಣಕತೆಯಲ್ಲಿ ಈ ಹಿಡಿತ ಇನ್ನೂ ಬಿಗಿ. ನಡುವೆ ಜೊತೆಗಾರನನ್ನ ಬದಲಿಸೋಕೆ ಜಾಗ ಕಡಿಮೆ. ಅನಂತಮೂರ್ತಿಯವರ ‘ಸೂರ್ಯನ ಕುದುರೆ’ ತಗೊಳ್ಳಿ. ಓದಿ ಊರು ಬಿಟ್ಟ ‘ನಾನು’ ತಿರುಗಿ ಬಂದು ಹಳೇ ಗೆಳೆಯ ಹಡೆ ವೆಂಕಟನನ್ನ ನೋಡ್ತಾನೆ. ಸಂಸಾರ ತೂಗಿಸಲಾರದ ವೆಂಕಟ, ಎಣ್ಣೆ ತಿಕ್ಕಿ ಸ್ನಾನ ಮಾಡಿಸೋದ್ರಲ್ಲಿ ಮಾತ್ರ ಒಂದು ಲೋಕವನ್ನೇ ಕಟ್ಟಬಲ್ಲ. ‘ನಾನು’ ರೇಗ್ತಾನೆ, ಕರಗ್ತಾನೆ. ಕೊನೆಗೆ ಒಂದು ಹುಳದ ಮುಂದೆ ಮೈಮರೆತ ವೆಂಕಟನ ಬೆರಗಿಗೆ ಸೋಲ್ತಾನೆ. ನಾವೂ ಸೋಲ್ತೀವಿ. ಊರು ಬಿಟ್ಟು ಬೆಂಗಳೂರು ಸೇರಿದವರಿಗೆ ಈ ಕತೆ ಇಷ್ಟು ಹತ್ತಿರ ಆಗೋದು ಅದಕ್ಕೇ. ನೋಡ್ತಿರೋ ಕಣ್ಣು ನಮ್ಮದೇ.

ಇದನ್ನೇ ವೆಂಕಟನ ಹೆಂಡತಿ ಹೇಳಿದ್ರೆ? ಅದೇ ಎಣ್ಣೆಸ್ನಾನ, ಗಳಿಕೆಯಿಲ್ಲದ ಇನ್ನೊಂದು ದಿನ ಆಗ್ತಿತ್ತು. ಹಂಡೆ ಒಲೆಗೆ ಸೌದೆ ತಂದವರು ಯಾರು ಅನ್ನೋ ಪ್ರಶ್ನೆ ಬರ್ತಿತ್ತು. ಅವಳ ಸಿಟ್ಟನ್ನ ಅನಂತಮೂರ್ತಿ ಮುಚ್ಚಿಟ್ಟಿಲ್ಲ, ಅದು ಅವರ ಪ್ರಾಮಾಣಿಕತೆ. ಆದರೆ ಅದು ನಮಗೆ ಹೊರಗಿನಿಂದ ಕೇಳಿಸುತ್ತೆ, ಗೆಳೆಯರಿಬ್ಬರ ಸುಖಕ್ಕೆ ಅಡ್ಡ ಬಂದ ಗದ್ದಲದ ಹಾಗೆ. ಸೋತವನ ಜೊತೆ ಕೂತ ಕತೆ, ಅವನಿಂದ ಸೋತವಳ ಜೊತೆ ಕೂರೋದಿಲ್ಲ.

ಹಾಗಾಗಿ ನಮ್ಮ ಕಡೆಯ ಕತೆಯಲ್ಲಿ ಬನಹಟ್ಟಿಯ ಮಗ್ಗದ ಸದ್ದು ಸಂಗೀತದ ಹಾಗೆ ಕೇಳಿಸಿದಾಗ, ಕೇಳ್ತಿರೋ ಕಿವಿ ಎಲ್ಲಿದೆ ಅಂತ ನೋಡ್ತೀನಿ. ಹೆಚ್ಚಿನ ಸಲ ಅದು ಬೆಂಗಳೂರಿನ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದವನದು. ಮಗ್ಗದ ಮುಂದೆ ಕೂತವನಿಗೆ ಆ ಸದ್ದಿನಲ್ಲಿ ಕೂಲಿ ಲೆಕ್ಕ ಕೇಳಸ್ತದ.