‘ಸ್ಮೈಲ್ ಪಿಂಕಿ’: ನಗು ಕಂಡಿತು, ದಾರಿ ಕಂಡಿತೇ?

ಮೇಗನ್ ಮೈಲನ್ ನಿರ್ದೇಶಿಸಿದ ‘ಸ್ಮೈಲ್ ಪಿಂಕಿ’ಗೆ 2009ರಲ್ಲಿ ಕಿರು ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಪ್ರಶಸ್ತಿ ದೊರೆಯಿತು. ಅದೇ ಸಮಾರಂಭದಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಎಂಟು ಪ್ರಶಸ್ತಿಗಳನ್ನು ಬಾಚಿಕೊಂಡದ್ದರಿಂದ, 39 ನಿಮಿಷಗಳ ಈ ಚಿತ್ರ ನಮ್ಮಲ್ಲಿ ಅನೇಕರ ಗಮನಕ್ಕೇ ಬಾರದೆ ಹೋಯಿತು. ಇಂದಿಗೂ ಮನೆಮಂದಿ ಒಟ್ಟಿಗೆ ಕುಳಿತು ನೋಡತಕ್ಕ ಚಿತ್ರವಿದು. ಆದರೆ ಕಣ್ಣೊರೆಸಿಕೊಂಡು ಏಳುವುದಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ.

ಕಥೆ ಸರಳ. ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಬಡ ಕುಟುಂಬವೊಂದರ ಪುಟ್ಟ ಹುಡುಗಿ ಪಿಂಕಿ. ಹುಟ್ಟಿನಿಂದಲೇ ಸೀಳುತುಟಿ. ಶಾಲೆಯಿಲ್ಲ, ಓರಗೆಯ ಮಕ್ಕಳೊಡನೆ ಆಟವಿಲ್ಲ. ಪಂಕಜ್ ಎಂಬ ಸಮಾಜ ಕಾರ್ಯಕರ್ತರು ಹಳ್ಳಿಯಿಂದ ಹಳ್ಳಿಗೆ ಅಲೆದು ಇಂಥ ಮಕ್ಕಳನ್ನು ಹುಡುಕುತ್ತಾರೆ, ವಾರಾಣಸಿಯಲ್ಲಿ ಡಾ. ಸುಬೋಧ್ ಕುಮಾರ್ ಸಿಂಗ್ ಅವರ ಆಸ್ಪತ್ರೆಯಲ್ಲಿ ಉಚಿತವಾಗಿ ಶಸ್ತ್ರಚಿಕಿತ್ಸೆ ನಡೆಯುತ್ತದೆ ಎಂದು ಹೆತ್ತವರಿಗೆ ತಿಳಿಸುತ್ತಾರೆ. ಘುಟಾರು ಎಂಬ, ಪಿಂಕಿಗಿಂತ ದೊಡ್ಡವನಾದ ಹುಡುಗನೊಬ್ಬನೂ ಅದೇ ಆಸ್ಪತ್ರೆಯ ದಾರಿ ಹಿಡಿಯುತ್ತಾನೆ.

ಚಿತ್ರದ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳೋಣ. ಇಲ್ಲಿ ಮರುಕ ಹುಟ್ಟಿಸುವ ಹಿನ್ನೆಲೆ ವಿವರಣೆಯಿಲ್ಲ. ಜನ ತಮ್ಮ ಹಿಂದಿಯಲ್ಲಿ, ಭೋಜಪುರಿಯಲ್ಲಿ ತಾವೇ ಮಾತನಾಡುತ್ತಾರೆ. ವಿಮಾನದಲ್ಲಿ ಬಂದಿಳಿದು ನಾಲ್ಕು ದಿನ ಶಿಬಿರ ನಡೆಸಿ ಹೊರಟುಹೋಗುವ ವಿದೇಶಿ ವೈದ್ಯರೂ ಇಲ್ಲಿಲ್ಲ. ಕತ್ತರಿ ಹಿಡಿದವರು ಊರಿನವರೇ. ಇದರ ಹಿಂದಿರುವ, 1999ರಲ್ಲಿ ಆರಂಭವಾದ ‘ಸ್ಮೈಲ್ ಟ್ರೇನ್’ ಸಂಸ್ಥೆಯ ನೀತಿಯೇ ಅದು: ಸ್ಥಳೀಯ ವೈದ್ಯರಿಗೆ ತರಬೇತಿ ಮತ್ತು ಹಣ ಒದಗಿಸುವುದು. ವರ್ಷವಿಡೀ ತೆರೆದಿರುವ ಬಾಗಿಲು ವರ್ಷಕ್ಕೊಮ್ಮೆಯ ಶಿಬಿರಕ್ಕಿಂತ ಎಷ್ಟೋ ಮೇಲು.

ಇನ್ನು ನನ್ನ ತಕರಾರು. ಸುಮಾರು 700 ಶಿಶುಗಳಲ್ಲಿ ಒಂದು ಸೀಳುತುಟಿ ಅಥವಾ ಸೀಳಂಗುಳದೊಂದಿಗೆ ಹುಟ್ಟುತ್ತದೆ. ತುಟಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಅಂಗುಳವನ್ನು ಮಾತು ಮೂಡುವ ಮುನ್ನ, ಅಂದರೆ ಒಂದೂವರೆ ವರ್ಷದೊಳಗೆ ಸರಿಪಡಿಸಬೇಕು. ಪಿಂಕಿ ಆಸ್ಪತ್ರೆಗೆ ಬರುವಾಗ ಅವಳಿಗೆ ಐದಾರು ವರ್ಷ. ಇದಕ್ಕೆ ಚಿಕಿತ್ಸೆಯಿದೆ ಎಂಬ ಒಂದೇ ಒಂದು ಮಾತು ಆ ಮನೆಯ ಅಂಗಳಕ್ಕೆ ತಲುಪಲು ಇಷ್ಟು ವರ್ಷ ಏಕೆ ಹಿಡಿಯಿತು? ಲಸಿಕೆ ಹಾಕುವವರು, ಹೆರಿಗೆ ಮಾಡಿಸಿದವರು, ಯಾರೊಬ್ಬರೂ ಹೇಳಲಿಲ್ಲವೇ? ಗ್ರಹಣ ಕಂಡ ಗರ್ಭಿಣಿಗೆ ಇಂಥ ಮಗು ಹುಟ್ಟುತ್ತದೆಂಬ ನಂಬಿಕೆ ನಮ್ಮ ಕರ್ನಾಟಕದ ಹಳ್ಳಿಗಳಲ್ಲೂ ಇರುವುದರಿಂದ, ಈ ಪ್ರಶ್ನೆ ದೂರದ್ದಲ್ಲ. ಚಿತ್ರ ಮಾತ್ರ ಅದನ್ನು ಒತ್ತಿ ಕೇಳದೆ ಮುಂದೆ ಸಾಗುತ್ತದೆ.

ಆ ಕಾಲದ ಜಾಹೀರಾತುಗಳಲ್ಲಿ 250 ಡಾಲರ್ ಮತ್ತು 45 ನಿಮಿಷ ಎಂಬ ಲೆಕ್ಕ ಇರುತ್ತಿತ್ತು. ಲೆಕ್ಕ ಸುಳ್ಳಲ್ಲ, ಅಪೂರ್ಣ. ಅಂಗುಳವೂ ಸೀಳಿದ ಮಗುವಿಗೆ ಎರಡನೆಯ ಶಸ್ತ್ರಚಿಕಿತ್ಸೆ, ಮಾತಿನ ತರಬೇತಿ, ಹಲ್ಲಿನ ಚಿಕಿತ್ಸೆ, ಒಸಡಿನ ಮೂಳೆಯೂ ಸೀಳಿದ್ದರೆ ಎಂಟು ಹತ್ತು ವರ್ಷದ ಹೊತ್ತಿಗೆ ಮೂಳೆಯ ಕಸಿ, ಹೀಗೆ ಹಾದಿ ಹದಿಹರೆಯದವರೆಗೂ ಸಾಗುತ್ತದೆ. ಹಣ ಕೊಟ್ಟವರ ಮನಸ್ಸಿನಲ್ಲಿ ಉಳಿಯುವುದು ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಛಾಯಾಚಿತ್ರ ಮಾತ್ರ.

ಛಾಯಾಚಿತ್ರಕ್ಕೆ ಒದಗದ ಕಾಯಿಲೆಗಳ ಪಾಡೇನು? ಹೊಕ್ಕುಳ ಪಕ್ಕದ ರಂಧ್ರದಿಂದ ಕರುಳು ಹೊರಬಂದ ಸ್ಥಿತಿಯಲ್ಲಿ ಹುಟ್ಟುವ ಶಿಶುಗಳಿವೆ. ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2021ರಲ್ಲಿ ಪ್ರಕಟಿಸಿದ, 74 ದೇಶಗಳ 264 ಆಸ್ಪತ್ರೆಗಳ ಅಧ್ಯಯನದಲ್ಲಿ, ಕಡಿಮೆ ಆದಾಯದ ದೇಶಗಳಲ್ಲಿ ಇಂಥ ನೂರು ಶಿಶುಗಳಲ್ಲಿ 90 ತೀರಿಕೊಂಡವು; ಶ್ರೀಮಂತ ದೇಶಗಳಲ್ಲಿ ಒಂದೆರಡು ಮಾತ್ರ. ಈ ಅಂತರ ಶಸ್ತ್ರವೈದ್ಯರ ಕೈಚಳಕದ್ದಷ್ಟೇ ಅಲ್ಲ. ದಾರಿಯಲ್ಲಿ ಮಗುವನ್ನು ಬೆಚ್ಚಗಿಟ್ಟು ತರುವುದು, ರಕ್ತನಾಳದ ಮೂಲಕ ಪೋಷಣೆ, ಉಸಿರಾಟದ ಯಂತ್ರ, ಎಳೆಗೂಸುಗಳ ಅರಿವಳಿಕೆ ಬಲ್ಲವರು, ರಾತ್ರಿಯೆಲ್ಲ ಎಚ್ಚರವಿರುವ ದಾದಿ, ಇವೆಲ್ಲ ಕೂಡಿದರೆ ಮಾತ್ರ ಕೂಸು ಬದುಕುತ್ತದೆ. ಅದು ನಗುವಿನ ಚಿತ್ರವಾಗಲಾರದು. ಆದ್ದರಿಂದ ಅದಕ್ಕೆ ದಾನಿಗಳೂ ಕಡಿಮೆ.

‘ಉಚಿತ’ ಎಂಬ ಮಾತನ್ನೂ ಸ್ವಲ್ಪ ನಿಂತು ನೋಡಬೇಕು. ಜಾಗತಿಕ ಶಸ್ತ್ರಚಿಕಿತ್ಸೆಯ ಕುರಿತ ಲ್ಯಾನ್ಸೆಟ್ ಆಯೋಗ 2015ರಲ್ಲಿ ಲೆಕ್ಕಹಾಕಿದಂತೆ, ಶಸ್ತ್ರಚಿಕಿತ್ಸೆಯ ಶುಲ್ಕದಿಂದಲೇ ವರ್ಷಕ್ಕೆ 3.3 ಕೋಟಿ ಜನ ಹಣಕಾಸಿನ ಸಂಕಟಕ್ಕೆ ಬೀಳುತ್ತಾರೆ. ಪ್ರಯಾಣ, ಊಟದಂಥ ಇತರ ವೆಚ್ಚಗಳಿಂದ ಇನ್ನೂ 4.8 ಕೋಟಿ ಜನ. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ, ಉಳಿದ ಮಕ್ಕಳನ್ನು ನೆರೆಯವರಿಗೆ ಒಪ್ಪಿಸಿ ಬರುವ ತಂದೆಗೆ ಯಾವ ಚಿಕಿತ್ಸೆಯೂ ಪೂರ್ತಿ ಉಚಿತವಲ್ಲ.

2013ರಲ್ಲಿ ವಿಂಬಲ್ಡನ್ ಪುರುಷರ ಫೈನಲ್ ಪಂದ್ಯದ ನಾಣ್ಯ ಚಿಮ್ಮಿಸಲು ಪಿಂಕಿಯನ್ನು ಕರೆದೊಯ್ಯಲಾಯಿತು. ಸಂತೋಷವೇ. ಆದರೂ ಚಿತ್ರವನ್ನು ಇನ್ನೊಮ್ಮೆ ನೋಡುವವರು ಪಿಂಕಿಯ ಮುಖದಿಂದ ಕಣ್ಣು ತುಸು ಸರಿಸಿ ಪಂಕಜರನ್ನು ಗಮನಿಸಲಿ. ಅಪರಿಚಿತರ ಅಂಗಳದಲ್ಲಿ ನಿಂತು, ನಂಬದ ಹೆತ್ತವರಿಗೆ ಹೇಳಿದ್ದನ್ನೇ ಮತ್ತೆ ಹೇಳುತ್ತ ಮನವೊಲಿಸುವ ಆ ಮನುಷ್ಯನ ಕೆಲಸ ನಡೆಯದಿದ್ದರೆ ವಾರಾಣಸಿಯ ಶಸ್ತ್ರಚಿಕಿತ್ಸಾ ಕೊಠಡಿಯ ದೀಪ ಉರಿಯುತ್ತಿದ್ದರೂ ಪಿಂಕಿ ಅಲ್ಲಿಗೆ ಬರುತ್ತಿರಲಿಲ್ಲ. ಚಿತ್ರದ ನಿಜವಾದ ನಾಯಕ ನನ್ನ ಪಾಲಿಗೆ ಅವರೇ.