ಅಳುವಿಗೆ ತೀರ್ಪು ಬೇಕೆ? – ಬೇಂದ್ರೆಯವರ ಒಂದು ಕವಿತೆ ಮತ್ತು ಮನಸ್ಸನ್ನು ನೋಡುವ ಬಗೆ

ಕನ್ನಡ ಸಂಘಗಳ ವೇದಿಕೆಯ ಮೇಲೆ ಭಾವಗೀತೆಗಳ ಕಾರ್ಯಕ್ರಮವೆಂದರೆ ದ. ರಾ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಇರಲೇಬೇಕು. ಗಾಯಕರು ತನ್ಮಯರಾಗಿ ಹಾಡುತ್ತಾರೆ, ಸಭಿಕರು ತಲೆದೂಗುತ್ತಾರೆ. ಆದರೆ ಸಭೆಯಲ್ಲಿ ಕುಳಿತ ಹಲವರು ಇದನ್ನು ಹೆಣ್ಣಿನ ಕಣ್ಣೋಟಕ್ಕೆ ಸೋತ ಗಂಡಸೊಬ್ಬನ ಪ್ರಣಯಗೀತೆಯೆಂದೇ ತಿಳಿದಿರುತ್ತಾರೆ. ವಸ್ತುಸ್ಥಿತಿ ಬೇರೆ. ಇದು ಮಗುವನ್ನು ಕಳೆದುಕೊಂಡ ಮನೆಯ ಕವಿತೆ. ಬೇಂದ್ರೆ ದಂಪತಿಗಳು ಒಂದಲ್ಲ, ಹಲವು ಮಕ್ಕಳನ್ನು ಮಣ್ಣಿಗೆ ಕೊಟ್ಟವರು. ಆ ಹಿನ್ನೆಲೆಯನ್ನು ಅರಿಯದೆ ಈ ಗೀತೆಯನ್ನು ಕೇಳಿದರೆ ಅದರ ಮಾಧುರ್ಯವಷ್ಟೇ ಕಿವಿಗೆ ತಲಪುತ್ತದೆ.

ಕವಿತೆಯಲ್ಲಿ ಮಾತನಾಡುವವನು ಗಂಡ, ಮಾತಿಲ್ಲದೆ ನಿಂತಿರುವವಳು ಹೆಂಡತಿ. ಅವನು ಅವಳಿಗೆ ಸಮಾಧಾನ ಹೇಳುವುದಿಲ್ಲ. ಎಲ್ಲವೂ ದೈವೇಚ್ಛೆಯೆಂದು ಉಪದೇಶಿಸುವುದಿಲ್ಲ, ಗಟ್ಟಿಯಾಗಿರು ಎಂದು ಗದರುವುದೂ ಇಲ್ಲ. ಅವಳ ತುಟಿ ಹೇಗಿತ್ತು, ಈಗ ಹೇಗಾಗಿದೆ, ಮುಖದ ಕಾಂತಿ ಏನಾಯಿತು, ಕಣ್ಣೊಳಗೆ ಏನು ನಿಂತಿದೆ ಎಂದು ಒಂದೊಂದನ್ನೇ ನೋಡುತ್ತಾನೆ. ಅವಳು ಬಲವಂತದ ನಗುವಿನ ಹಿಂದೆ ಅಳುವನ್ನು ಅಡಗಿಸುತ್ತಿರುವುದನ್ನು ಕಂಡು, ಮರೆಮಾಚುವುದೇಕೆ, ಬರುವ ಕಣ್ಣೀರು ಹರಿಯಲಿ ಎನ್ನುತ್ತಾನೆ. ತನಗೆ ಅವಳ ನೋಟವನ್ನು ಎದುರಿಸುವ ಶಕ್ತಿಯಿಲ್ಲವೆಂಬುದನ್ನೂ ಬಚ್ಚಿಡುವುದಿಲ್ಲ. ಇಬ್ಬರ ದುಃಖವೂ ಕವಿತೆಯಲ್ಲಿ ಹಾಗೆಯೇ ನಿಂತಿದೆ. ಯಾರ ದುಃಖವೂ ತಪ್ಪಿತಸ್ಥನ ಕಟಕಟೆ ಹತ್ತಿಲ್ಲ. ಕನ್ನಡ ಕಾವ್ಯದಲ್ಲಿ ಶೋಕಗೀತೆಗಳಿಗೆ ಬರವಿಲ್ಲವಾದರೂ ಶೋಕವನ್ನು ತಿದ್ದಲು ಹೋಗದ ಇಂತಹ ಗೀತೆ ವಿರಳವೆಂಬುದು ನಮ್ಮ ಅಭಿಪ್ರಾಯ.

ನಮ್ಮ ರೂಢಿ ಇದಕ್ಕೆ ತದ್ವಿರುದ್ಧ. ಸಾವಿನ ಮನೆಗೆ ಹೋದವರು ಹತ್ತು ನಿಮಿಷದೊಳಗೆ ಡಿ.ವಿ.ಜಿ.ಯವರ ಕಗ್ಗದ ಪದ್ಯವೊಂದನ್ನು ಹೇಳಿ ಮುಗಿಸುತ್ತಾರೆ. 1943ರಲ್ಲಿ ಪ್ರಕಟವಾದ ಆ ಗ್ರಂಥ ಮಹತ್ತಾದುದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತ್ರೆ ಒಳ್ಳೆಯದಾದ ಮಾತ್ರಕ್ಕೆ ಬರಿಹೊಟ್ಟೆಯಲ್ಲಿ ನುಂಗಿಸಬಹುದೆ? ಅಳುವವರ ಅಳು ಮುಗಿಯುವ ಮುನ್ನವೇ ವೇದಾಂತ ಹೇಳಿದರೆ, ‘ನಾನು ಇಷ್ಟು ಅಳಬಾರದಾಗಿತ್ತೇನೋ’ ಎಂಬ ನಾಚಿಕೆಯೊಂದು ದುಃಖಕ್ಕೆ ಹೆಚ್ಚುವರಿಯಾಗಿ ಸೇರುತ್ತದೆ.

ಬುದ್ಧನ ಉಪದೇಶಗಳಲ್ಲಿ ಇದಕ್ಕೊಂದು ದೃಷ್ಟಾಂತವಿದೆ. ಒಬ್ಬನಿಗೆ ಬಾಣವೊಂದು ತಗುಲುತ್ತದೆ, ಅದರ ಬೆನ್ನಿಗೇ ಎರಡನೆಯದು ತಗುಲುತ್ತದೆ. ಮೊದಲನೆಯದು ಬದುಕು ತರುವ ನೋವು. ಆ ನೋವಿಗೆ ಎದೆ ಬಡಿದುಕೊಂಡು ಮನಸ್ಸು ತಾನೇ ಬರಮಾಡಿಕೊಳ್ಳುವುದು ಎರಡನೆಯದು. ‘ನಾನೇಕೆ ಹೀಗೆ, ಬೇರೆಯವರು ಹೀಗಿಲ್ಲವಲ್ಲ’ ಎಂಬ ನಮ್ಮ ಹಳಹಳಿಕೆಯನ್ನು ಈ ಎರಡನೆಯ ಬಾಣದ ಸಾಲಿಗೇ ಸೇರಿಸಬೇಕು.

ಈಗ ಎಲ್ಲೆಡೆ ಕೇಳಿಬರುತ್ತಿರುವ ಮೈಂಡ್‌ಫುಲ್‌ನೆಸ್ ಎಂಬುದರ ಬೇರು ಇಲ್ಲಿದೆ. ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಚಿಲಮತ್ತೂರಿನ ಕಡೆಯ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಈ ಪದವನ್ನೂ ಹೊತ್ತು ತರುತ್ತಿದ್ದಾರೆ. ಪಾಲಿಯ ‘ಸತಿ’, ಅಂದರೆ ಸಂಸ್ಕೃತದ ‘ಸ್ಮೃತಿ’, ಇದರ ಮೂಲ. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಎಂಬವರು, ವಾಸಿಯಾಗದ ನೋವಿನಿಂದ ಬಳಲುವವರಿಗಾಗಿ ಶಿಕ್ಷಣವೊಂದನ್ನು ಇದರಿಂದ ರೂಪಿಸಿದರು. ವಿಧಾನ ಸರಳ. ಬೆನ್ನು ನೆಟ್ಟಗಿರಿಸಿ ಕುಳಿತು ಉಸಿರಿನ ಮೇಲೆ ಗಮನವಿಡುವುದು. ಭಯವೋ ಸಿಟ್ಟೋ ಎದ್ದಾಗ ‘ಇದು ಭಯ’, ‘ಇದು ಸಿಟ್ಟು’ ಎಂದು ಗುರುತಿಸುವುದು. ಅದು ಎದೆಯಲ್ಲಿದೆಯೆ, ಗಂಟಲಲ್ಲಿದೆಯೆ ಎಂದು ನೋಡುವುದು. ಅದನ್ನು ಓಡಿಸದೆ, ಅದಕ್ಕಾಗಿ ತನ್ನನ್ನು ಹಳಿದುಕೊಳ್ಳದೆ ಮತ್ತೆ ಉಸಿರಿಗೆ ಮರಳುವುದು. ಗಮನ ನೂರು ಸಲ ತಪ್ಪಿದರೆ ನೂರು ಸಲ ಮರಳಿದರಾಯಿತು. ಅಂಕ ಕಳೆಯುವವರು ಯಾರೂ ಇಲ್ಲ.

ಕನ್ನಡದಲ್ಲಿ ಇದನ್ನು ‘ಸಾವಧಾನ’ ಎನ್ನುವವರಿದ್ದಾರೆ. ಮದುವೆಯ ಮಂಟಪದಲ್ಲಿ ಪುರೋಹಿತರು ಕೂಗುವ ‘ಸಾವಧಾನ’ವೇ ನೆನಪಾಗುವುದರಿಂದ ನಮಗದು ಅಷ್ಟಾಗಿ ಒಗ್ಗದು. ವಚನಕಾರರ ‘ಅರಿವು’ ಇರುವಾಗ ಬೇರೆ ಪದವೇಕೆ? ನಮ್ಮ ನೆರೆಹೊರೆಯ ತೆಲುಗರ ‘ಎರುಕ’ವೂ ಅದೇ ಧಾತುವಿನಿಂದ ಹುಟ್ಟಿದ್ದು. ಎರಡು ನುಡಿಯ ನಡುವೆ ಬಾಳುವ ನಮಗೆ ಇದಕ್ಕಿಂತ ಹತ್ತಿರದ ಪದ ಸಿಗಲಾರದು.

ವಚನಗಳ ಮಾತು ಬಂದುದರಿಂದ ಬಸವಣ್ಣನವರ ಒಂದು ಪ್ರಸಿದ್ಧ ಉಪಮೆಯನ್ನು ಪರಿಶೀಲಿಸಬಹುದು. ಮನಸ್ಸನ್ನು ಅವರು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸುತ್ತಾರೆ. ಸಂಯುತ್ತ ನಿಕಾಯದ ಒಂದು ಸುತ್ತದಲ್ಲಿ ಬುದ್ಧನೂ ಇದೇ ಹೋಲಿಕೆ ಕೊಡುತ್ತಾನೆ: ಕಾಡಿನಲ್ಲಿ ಅಲೆಯುವ ಕೋತಿ ಒಂದು ಕೊಂಬೆ ಬಿಟ್ಟು ಇನ್ನೊಂದನ್ನು ಹಿಡಿಯುವಂತೆ ಚಿತ್ತವು ಹಗಲಿರುಳು ಒಂದಾಗಿ ಹುಟ್ಟಿ ಇನ್ನೊಂದಾಗಿ ಅಳಿಯುತ್ತದೆ ಎಂದು. ಬುದ್ಧನದು ಕಂಡದ್ದನ್ನು ಕಂಡಂತೆ ಹೇಳುವ ವೈದ್ಯನ ಮಾತು. ಬಸವಣ್ಣನವರದು ಇಷ್ಟದೈವದೆದುರು ಅಳಲು ತೋಡಿಕೊಳ್ಳುವ ಭಕ್ತನ ಮಾತು. ಈ ಮನವನ್ನು ನಂಬುವುದೆಂತು ಎಂಬ ಸಂಕಟ ಅಲ್ಲಿದೆ. ಹಾಗಾದರೆ ಅದು ಆತ್ಮನಿಂದೆಯೆ? ಹಾಗೆಂದೇ ಬಹಳ ಜನ ಓದುತ್ತಾರೆ. ಶಾಲೆಗಳಲ್ಲಿ ಈ ವಚನವು ಗಮನ ಚದುರಿದ ಹುಡುಗನ ಬೆನ್ನಿಗೆ ಬೆತ್ತದಂತೆ ಬಳಕೆಯಾಗುವುದೂ ಉಂಟು. ನಮಗೆ ಹಾಗೆ ತೋರುವುದಿಲ್ಲ. ಕೋತಿಯನ್ನು ಕೋತಿಯೆಂದು ಕಾಣಲು ನೋಡುವವನು ಕೊಂಬೆಯಿಂದ ಕೆಳಗಿಳಿದು ನಿಂತಿರಬೇಕು. ತನ್ನ ಮನಸ್ಸಿನ ಚಾಂಚಲ್ಯವನ್ನು ನಾಲ್ಕು ಜನರ ಮುಂದೆ ನಾಚದೆ ಹೇಳಬಲ್ಲವನು ಅದರ ಕೈಯಿಂದ ಅರ್ಧ ಬಿಡಿಸಿಕೊಂಡವನೇ. ವಚನದ ಹೆಚ್ಚಳವಿರುವುದು ಆ ನಿಸ್ಸಂಕೋಚದಲ್ಲಿ. ಬೈಗುಳವನ್ನು ಅದಕ್ಕೆ ಸೇರಿಸಿದವರು ನಾವು, ಓದುಗರು.

ನಮ್ಮ ಸಮೀಪದ ಲೇಪಾಕ್ಷಿಯಲ್ಲಿ ಈ ಎರಡು ಬಗೆಗಳಿಗೂ ಒಂದೊಂದು ಐತಿಹ್ಯವಿದೆ. ಅಚ್ಯುತದೇವರಾಯನ ಕಾಲದ ಕನ್ನಡ ಶಾಸನಗಳುಳ್ಳ ಆ ವೀರಭದ್ರ ದೇವಾಲಯವನ್ನು ಕಟ್ಟಿಸಿದವನು ವಿರೂಪಣ್ಣ. ಬೊಕ್ಕಸದ ಹಣವನ್ನು ಅಪ್ಪಣೆಯಿಲ್ಲದೆ ಗುಡಿಗೆ ವ್ಯಯಿಸಿದನೆಂಬ ದೂರಿನ ಮೇಲೆ ರಾಜನು ಅವನ ಕಣ್ಣು ಕೀಳಿಸಲು ಆಜ್ಞೆಯಿತ್ತನಂತೆ. ರಾಜಭಟರು ಬರುವ ಮೊದಲೇ ವಿರೂಪಣ್ಣನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಪೂರ್ತಿಯಾಗದೆ ಉಳಿದ ಕಲ್ಯಾಣಮಂಟಪದ ಬಳಿಯ ಗೋಡೆಯ ಮೇಲೆ ಎರಡು ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಅದೇ ಊರಿನ ಹೆಸರಿಗೆ ಸಂಬಂಧಿಸಿದ ಕಥೆ ಇನ್ನೊಂದು: ಸೀತೆಯನ್ನು ಬಿಡಿಸಲಾಗದೆ ರೆಕ್ಕೆ ಕತ್ತರಿಸಿ ಬಿದ್ದಿದ್ದ ಜಟಾಯುವಿಗೆ ರಾಮನು ‘ಲೇ ಪಕ್ಷಿ’, ಏಳು ಹಕ್ಕಿಯೇ, ಎಂದನೆಂದು. ಸೋತೆಯೇಕೆ ಎಂದು ಅವನು ಕೇಳಲಿಲ್ಲ. ಪ್ರವಾಸಿಗರು ಕೆಂಪು ಕಲೆಗಳ ಮುಂದೆ ಮುಗಿಬೀಳುತ್ತಾರೆ. ಊರಿನ ಹೆಸರನ್ನು ಬಸ್ಸಿನ ಫಲಕದಲ್ಲಿ ಓದಿ ಮರೆಯುತ್ತಾರೆ.

ಇದನ್ನೆಲ್ಲ ಸಾಹಿತ್ಯದ ವಿಲಾಸವೆಂದು ಬಗೆಯಬಾರದು. ನಮ್ಮದು ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಸೀಮೆ. ಕಡಲೆಕಾಯಿ ಬಿತ್ತಿದವನು ಆಕಾಶ ನೋಡುತ್ತಾನೆ, ಒಂದರ ಮೇಲೊಂದು ಕೊಳವೆಬಾವಿ ಕೊರೆಸುತ್ತಾನೆ, ಸಾಲಕ್ಕೆ ಬೀಳುತ್ತಾನೆ. ಅವಿಭಜಿತ ಅನಂತಪುರ ಜಿಲ್ಲೆಯ ರೈತರ ಆತ್ಮಹತ್ಯೆಗಳ ಸುದ್ದಿಯನ್ನು ನಾವೆಲ್ಲ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಓದಿದ್ದೇವೆ. ಮಳೆ ಬಾರದುದು ಮೊದಲ ಬಾಣ. ‘ನಾನು ಕೈಲಾಗದವನು, ಮನೆಯವರಿಗೆ ಮುಖ ತೋರಿಸಲಾರೆ’ ಎಂಬುದು ಎರಡನೆಯದು. ಮೊದಲನೆಯದನ್ನು ತಡೆಯಲು ಧ್ಯಾನದಿಂದಾಗದು; ಅದಕ್ಕೆ ಬೆಳೆವಿಮೆ ಬೇಕು, ನ್ಯಾಯವಾದ ಬಡ್ಡಿ ಬೇಕು, ಕೆರೆಗಳ ಹೂಳು ತೆಗೆಯಬೇಕು. ಭಾವನೆಯನ್ನು ಒಪ್ಪಿಕೊಳ್ಳುವುದೆಂದರೆ ಅನ್ಯಾಯವನ್ನು ಒಪ್ಪಿಕೊಳ್ಳುವುದೆಂದು ಅರ್ಥ ಮಾಡುವವರು ಆ ರೈತನ ಬಾಯಿ ಮುಚ್ಚಿಸುತ್ತಾರೆ. ತನ್ನ ಭಯವನ್ನು ‘ಇದು ಭಯ’ ಎಂದು ಹೆಂಡತಿಯೆದುರು ಹೇಳಲು ಬಂದವನಿಗೆ ಸಾಲದ ಲೆಕ್ಕವನ್ನು ಅಧಿಕಾರಿಯೆದುರು ಹೇಳಲೂ ಬಾಯಿ ಬಂದೀತು. ಬೇಂದ್ರೆಯವರ ಗಂಡ ಹೆಂಡಿರು ಒಬ್ಬರ ಮುಖವನ್ನೊಬ್ಬರು ನೋಡಲಾರದೆ ನಿಂತಂತೆ ನಿಂತ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಇವೆ. ಕವಿತೆಯಲ್ಲಿ ಒಬ್ಬನಾದರೂ ಬಾಯಿ ಬಿಡುತ್ತಾನೆ.

ಉಸಿರು ನೋಡುತ್ತ ಕುಳಿತರೆ ಎಲ್ಲವೂ ಸರಿಹೋಗುವುದೆಂಬ ಭ್ರಮೆಯೂ ಬೇಡ. ವಾರಗಟ್ಟಲೆ ನಿದ್ದೆ ಬಾರದವರಿಗೆ, ಬದುಕೇ ಬೇಡವೆನ್ನಿಸಿದವರಿಗೆ ವೈದ್ಯರು ಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡುತ್ತಾರೆ. ನಮ್ಮ ಹಳ್ಳಿಗಳ ಭಜನೆಮನೆ, ಹಾಲಿನ ಡೈರಿ, ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಈ ಸಂಖ್ಯೆಯನ್ನು ಎರಡೂ ಲಿಪಿಗಳಲ್ಲಿ ಬರೆಸುವ ಕೆಲಸವನ್ನು ಸಂಘವು ಈ ವರ್ಷವೇ ಕೈಗೊಳ್ಳಬಹುದು.