ಎಂಟನೇ ವಚನಕ್ಕೇ ನಿಂತುಬಿಟ್ಟ ಕಾದಂಬರಿ

ರಾತ್ರಿ ವಿಮಾನ. ಕೆಳಗೆ ಅಟ್ಲಾಂಟಿಕ್ ಸಾಗರ. ಇದ್ದಕ್ಕಿದ್ದ ಹಾಗೆ ಹತ್ತಾರು ಪ್ರಯಾಣಿಕರು ಮಾಯ, ಸೀಟಿನ ಮೇಲೆ ಬರೀ ಅವರ ಬಟ್ಟೆ. ಟಿಮ್ ಲಹೇ ಮತ್ತು ಜೆರ್ರಿ ಜೆಂಕಿನ್ಸ್ ಬರೆದ ‘ಲೆಫ್ಟ್ ಬಿಹೈಂಡ್’ ಶುರುವಾಗೋದು ಹೀಗೆ. 1995ರಿಂದ 2007ರವರೆಗೆ 16 ಪುಸ್ತಕ, 6 ಕೋಟಿಗೂ ಹೆಚ್ಚು ಪ್ರತಿಗಳ ಮಾರಾಟ. 2014ರಲ್ಲಿ ನಿಕೋಲಸ್ ಕೇಜ್ ಸಿನಿಮಾನೂ ಬಂತು. ಓದಿಸಿಕೊಂಡು ಹೋಗುತ್ತೆ, ಅದರಲ್ಲಿ ಅನುಮಾನವಿಲ್ಲ. ನನ್ನ ತಕರಾರಿರೋದು ಅದು ಯೆಹೂದ್ಯರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ.

ಕಥೆಯ ಪ್ರಕಾರ ನಿಜವಾದ ವಿಶ್ವಾಸಿಗಳನ್ನು ಯೇಸು ಮೇಲಕ್ಕೆ ಕರೆದುಕೊಳ್ತಾನೆ. ಉಳಿದವರಿಗೆ ಏಳು ವರ್ಷ ಮಹಾಸಂಕಟ. ಆಗ ಇಸ್ರಾಯೇಲಿನ 12 ಕುಲಗಳಿಂದ ತಲಾ 12,000, ಒಟ್ಟು 1,44,000 ಯೆಹೂದ್ಯರು ಯೇಸುವನ್ನು ಒಪ್ಪಿ ಜಗತ್ತಿಗೆಲ್ಲ ಸಾರ್ತಾರೆ. ಎಲ್ಲ ಕ್ರೈಸ್ತರೂ ಹೀಗೆ ನಂಬ್ತಾರೆ ಅಂದ್ಕೋಬೇಡಿ. ಇದು 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಹಾಕಿಕೊಟ್ಟ ಓದಿನ ದಾರಿ. 1909ರ ಸ್ಕೋಫೀಲ್ಡ್ ಬೈಬಲ್ ಮೂಲಕ ಅಮೆರಿಕದಲ್ಲಿ ಹರಡಿತು.

ಕಾದಂಬರಿಯ ಮುಖ್ಯ ಯೆಹೂದ್ಯ ಪಾತ್ರ ಸಿಯೋನ್ ಬೆನ್-ಜೂಡಾ, ದೊಡ್ಡ ವಿದ್ವಾಂಸ. ಯೇಸುವೇ ಮೆಸ್ಸೀಯ ಅಂತ ಟಿವಿಯಲ್ಲಿ ಸಾರಿದ್ದಕ್ಕೆ ಹೆಂಡತಿ, ಮಕ್ಕಳನ್ನು ಕಳೆದುಕೊಳ್ತಾನೆ. ಆ ದುಃಖ ನಮ್ಮನ್ನೂ ತಟ್ಟುತ್ತೆ. ಆದರೆ ಅವನ ಇಡೀ ಪಾಂಡಿತ್ಯ ಲೇಖಕರಿಗೆ ಬೇಕಾದ ಒಂದೇ ತೀರ್ಮಾನಕ್ಕೆ ಬಂದು ನಿಲ್ಲುತ್ತೆ. ಇನ್ನೊಬ್ಬ, ವಿಜ್ಞಾನಿ ಹೈಮ್ ರೋಸೆನ್‌ಝ್ವೈಗ್, ಪುಸ್ತಕದ ಮೇಲೆ ಪುಸ್ತಕ ಕಳೆದರೂ ಒಪ್ಪಲ್ಲ; ಕೊನೆಗೆ ಅವನೂ ಒಪ್ತಾನೆ. ಅವನ ಪ್ರಶ್ನೆಗಳಿಗೆ ಕಥೆಯಲ್ಲಿ ಬೆಲೆಯೇ ಇಲ್ಲ. ಯಾವಾಗ ಒಪ್ತಾನೆ ಅನ್ನೋದಷ್ಟೇ ಸಸ್ಪೆನ್ಸ್. ಯೆಹೂದ್ಯನಾಗಿಯೇ ಉಳಿದು ಸರಿಸಮನಾಗಿ ವಾದ ಮಾಡುವವನಿಗೆ ಇಲ್ಲಿ ಜಾಗ ಇಲ್ಲ.

ಸರಿ, ಮೂಲ ಏನನ್ನುತ್ತೆ? ಪ್ರಕಟನೆ 7ನೇ ಅಧ್ಯಾಯ ತೆಗೆದು ನೋಡಿ. ಪಟ್ಟಿಯಲ್ಲಿ 12 ಹೆಸರೇನೋ ಇವೆ. ಆದರೆ ದಾನ್ ಇಲ್ಲ, ಎಫ್ರಾಯೀಮ್ ಇಲ್ಲ. ಬದಲಿಗೆ ಯೋಸೇಫನೂ ಇದ್ದಾನೆ, ಅವನ ಮಗ ಮನಸ್ಸೆಯೂ ಇದ್ದಾನೆ. ದಾನ್ ಯಾಕಿಲ್ಲ ಅಂದರೆ ಕ್ರಿಸ್ತವಿರೋಧಿ ಹುಟ್ಟೋದೇ ಆ ಕುಲದಲ್ಲಿ ಅಂದವನು 2ನೇ ಶತಮಾನದ ಇರೇನಿಯಸ್. ಇನ್ನೂ ಒಂದು ಸಂಗತಿ: ಉತ್ತರದ ಇಸ್ರಾಯೇಲ್ ರಾಜ್ಯ ಅಸ್ಸೀರಿಯಾಕ್ಕೆ ಸೋತದ್ದು ಕ್ರಿ.ಪೂ. 722ರ ಸುಮಾರಿಗೆ. ಈ ಗ್ರಂಥ ಬರೆಯುವ ಹೊತ್ತಿಗೆ ಅಲ್ಲಿನ ಕುಲಗಳು ಚದುರಿ ಏಳೆಂಟು ಶತಮಾನ ಆಗಿತ್ತು. ಇಂಥ ಪಟ್ಟಿಯನ್ನು ಜನಗಣತಿ ಅಂತ ಓದೋದು ಹೇಗೆ?

ಅದೇ ಅಧ್ಯಾಯದ 9ನೇ ವಚನದಲ್ಲಿ ಯೋಹಾನ ಕಾಣೋದು ಯಾರಿಂದಲೂ ಎಣಿಸೋಕಾಗದ ಜನಸಮೂಹ, ಎಲ್ಲ ಜನಾಂಗ, ಎಲ್ಲ ಭಾಷೆಯವರು. ಇದು ಬೇರೆಯೇ ಗುಂಪು, ಆ 1,44,000 ಜನರ ಮಾತು ಕೇಳಿ ನಂಬಿದವರು ಅನ್ನೋದು ಕಾದಂಬರಿಯ ಓದು. ಆದರೆ 5ನೇ ಅಧ್ಯಾಯದಲ್ಲೂ ಹೀಗೇ ಆಗುತ್ತೆ. ಯೆಹೂದ ಕುಲದ ಸಿಂಹ ಅಂತ ಯೋಹಾನ ಕೇಳಿಸಿಕೊಳ್ತಾನೆ; ನೋಡಿದರೆ ಕುರಿಮರಿ. ಅಲ್ಲಿ ಎರಡೂ ಒಂದೇ. ಇಲ್ಲೂ ಕೇಳಿದ್ದು ಲೆಕ್ಕ, ಕಂಡದ್ದು ಜನ ಅಂತ ಓದುವ ವಿದ್ವಾಂಸರು ಬಹಳ ಇದ್ದಾರೆ. ನನಗೆ ಸರಿ ಅನ್ಸೋದು ಅದೇ.

ಕಥೆ ತಾನೇ, ಬಿಡಿ ಅನ್ನಬಹುದು. ಆದರೆ ಈ ಲೆಕ್ಕದಲ್ಲಿ ನಿಜವಾದ ಮನುಷ್ಯರೂ ಸಿಕ್ಕಿಕೊಂಡಿದ್ದಾರೆ. ನಮ್ಮದೇ ಮಣಿಪುರ, ಮಿಜೋರಂನ ಬ್ನೇ ಮೆನಾಶೆ ಜನ ತಮ್ಮನ್ನು ಮನಸ್ಸೆ ಕುಲದವರು ಅಂತಾರೆ. 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿ ಶ್ಲೋಮೊ ಅಮರ್ ಅವರಿಗೆ ಮಾನ್ಯತೆ ಕೊಟ್ಟರು. ಸಾವಿರಾರು ಜನ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಭವಿಷ್ಯವಾಣಿ ನೆರವೇರ್ತಿದೆ ಅನ್ನುವ ಖುಷಿಯಲ್ಲಿ ಅವರ ವಿಮಾನದ ಖರ್ಚಿಗೆ ಕೈಜೋಡಿಸಿದ ಕ್ರೈಸ್ತ ಸಂಘಟನೆಗಳೂ ಇವೆ. ತಮಾಷೆ ನೋಡಿ: ಈ ಸಮುದಾಯದ ಬಹಳಷ್ಟು ಮನೆಗಳು ಕ್ರೈಸ್ತ ಧರ್ಮ ಬಿಟ್ಟು ಯೆಹೂದ್ಯ ಧರ್ಮಕ್ಕೆ ಬಂದಂಥವು. ಡಾರ್ಬಿ ದಾರಿಯ ಕಥೆಯಲ್ಲಿ ಅವರು ಉಳಿಯಬೇಕಾದರೆ ಮತ್ತೆ ಯೇಸುವನ್ನು ಒಪ್ಪಲೇಬೇಕು. ಒಪ್ಪದಿದ್ದವರ ಪಾಡು? ಜೆಕರ್ಯ 13ನೇ ಅಧ್ಯಾಯ ಹಿಡಿದು, ಆ ನಾಡಿನಲ್ಲಿ ಮೂರರಲ್ಲಿ ಎರಡು ಪಾಲು ಜನ ಸಾಯ್ತಾರೆ ಅಂತ ಈ ಪರಂಪರೆಯ ಹಲವು ವ್ಯಾಖ್ಯಾನಕಾರರು ನಿರುಮ್ಮಳವಾಗಿ ಬರೀತಾರೆ. ಟಿಕೆಟ್ ಕೊಡಿಸುವಾಗಿನ ಪ್ರೀತಿಯನ್ನ ನಾನು ಅನುಮಾನಿಸಲ್ಲ. ಆದರೆ ಕೊನೆಯ ದೃಶ್ಯ ಹೀಗಿದ್ದರೆ ಅದನ್ನ ಸ್ನೇಹ ಅನ್ನೋಕೆ ನನಗೆ ಬಾಯಿ ಬರಲ್ಲ.

ಪುಸ್ತಕ ಓದಬೇಡಿ ಅಂತಿಲ್ಲ. ಓದಿ. ಪಕ್ಕದಲ್ಲಿ ಪ್ರಕಟನೆ 7ನೇ ಅಧ್ಯಾಯವೂ ಇರಲಿ. 8ನೇ ವಚನ ಮುಗೀತು ಅಂತ ಮುಚ್ಚಿಡಬೇಡಿ, 9ನೆಯದನ್ನೂ ಓದಿ.